ತಲಕಾಡಿನ ಮರಳಿಗೆ ಮೊದಲ ಪಯಣ

ಪಂಚಲಿಂಗ ದರ್ಶನದ ದಿನ ಗೊತ್ತಾಯಿತೆಂದರೆ ಮೈಸೂರಿನ ಅಗ್ರಹಾರದ ಮನೆಗಳಲ್ಲಿ ಹಿರಿಯರು ಮೊದಲು ನೆನೆಯುವುದು ತಮ್ಮ ಮೊಣಕಾಲನ್ನು. ಕಾರ್ತಿಕದ ಸೋಮವಾರ ಕೂಡಿಬರುವ ಈ ಯೋಗ ವರ್ಷವರ್ಷವೂ ಒದಗುವುದಲ್ಲ. 2009, 2013, 2020ರಲ್ಲಿ ಒದಗಿತ್ತು. ಎಪ್ಪತ್ತು ದಾಟಿದವರಿಗೆ ‘ಮುಂದಿನ ಸಲ’ವೆಂಬ ಸಮಾಧಾನ ಸಾಲದು.

ಮೈಸೂರಿನಿಂದ ತಲಕಾಡು ದೂರವೇನಲ್ಲ. ದೂರವೆನಿಸುವುದು ಮರಳಿನ ಮೇಲಣ ನಡಿಗೆ. ಸಂಪ್ರದಾಯದಂತೆ ಗೋಕರ್ಣ ತೀರ್ಥದಲ್ಲಿ ಮಿಂದು ವೈದ್ಯನಾಥೇಶ್ವರನನ್ನು ಕಂಡು, ಅರ್ಕೇಶ್ವರ, ಪಾತಾಳೇಶ್ವರ, ಮರಳೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ—ಒಂದೊಂದು ದರ್ಶನವಾದ ಮೇಲೂ ವೈದ್ಯನಾಥೇಶ್ವರನಲ್ಲಿಗೆ ಹಿಂದಿರುಗಬೇಕು. ಕಡೆಗೆ ಕೀರ್ತಿನಾರಾಯಣ. ಎಲ್ಲವೂ ಒಂದೇ ದಿನದಲ್ಲಿ!

ಆದುದರಿಂದ ಮೊದಲ ಸಲ ಹೊರಡುವವರು ಜರಿಸೀರೆಯನ್ನು ಪೆಟ್ಟಿಗೆಯಲ್ಲೇ ಬಿಡುವುದು ಲೇಸು. ಹಗುರವಾದ ಹತ್ತಿಯ ಉಡುಪು, ಕುಡಿಯುವ ನೀರು, ಪುಳಿಯೋಗರೆಯ ಬುತ್ತಿ, ತಲೆಗೊಂದು ವಸ್ತ್ರ ಇಷ್ಟಿದ್ದರೆ ಸಾಕು. ಮಧ್ಯಾಹ್ನ ಮರಳು ಕಾಯುವ ಮೊದಲೇ ಪಾತಾಳೇಶ್ವರ, ಮರಳೇಶ್ವರಗಳ ದರ್ಶನ ಮುಗಿದರೆ ಕಾಲಿಗೆ ಹಿತ. ಅರ್ಕೇಶ್ವರ, ಮಲ್ಲಿಕಾರ್ಜುನರಿರುವುದು ಊರ ಹೊರಗೆ. ಅಲ್ಲಿಗೆ ವಾಹನವೇ ಅನುಕೂಲ.

ಅಷ್ಟೂ ಆಗದೆಂದು ತೋರಿದರೆ ಅಜ್ಜಿಯೊಡನೆ ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಬೇಕು. ವೈದ್ಯನಾಥೇಶ್ವರನ ಬಾಗಿಲಲ್ಲಿ ನಿಂತ ಭಾರಿ ದ್ವಾರಪಾಲಕರನ್ನು ಮೊಮ್ಮಕ್ಕಳಿಗೆ ತೋರಿಸುತ್ತ ಆಕೆ ಅಲ್ಲಿಯೇ ಕುಳಿತಿರಬಹುದು.