ಕಪ್ಪು ಕಲ್ಲು, ಹೊಸ ಕಲ್ಲು: ಡ್ರೆಸ್ಡೆನ್ ನೋಡುವ ಬಗೆ

ಬರ್ಲಿನ್‌ನಿಂದ ಪ್ರಾಗ್‌ಗೆ ಹೊರಟ ಪ್ರವಾಸಿ ಬಸ್ಸುಗಳು ಡ್ರೆಸ್ಡೆನ್‌ಗೆ ಕೊಡುವುದು ಹೆಚ್ಚೆಂದರೆ ಅರ್ಧ ದಿನ. ಅರಮನೆ, ಚರ್ಚು, ಒಪೆರಾ ಭವನ, ಎಲ್ಬೆ ನದಿಯ ದಂಡೆಯಲ್ಲೊಂದು ಫೋಟೊ, ಅಲ್ಲಿಗೆ ಮುಗಿಯಿತು. ಈ ಅವಸರಕ್ಕೆ ಒಂದು ಸಮರ್ಥನೆಯೂ ಸಿದ್ಧವಿರುತ್ತದೆ. 1945ರ ಫೆಬ್ರುವರಿಯಲ್ಲಿ ಬಾಂಬಿಗೆ ಸುಟ್ಟುಹೋದ ಊರಿದು, ಈಗ ಕಾಣುವುದೆಲ್ಲ ಆಮೇಲೆ ಕಟ್ಟಿದ್ದು, ಹಳೆಯದನ್ನೇ ನೋಡಬೇಕಿದ್ದರೆ ಹನ್ನೆರಡನೇ ಶತಮಾನದ ಕಲ್ಲುಸೇತುವೆ ಇನ್ನೂ ನಿಂತಿರುವ ರೇಗೆನ್ಸ್‌ಬುರ್ಗ್‌ಗೆ ಹೋದರಾಯಿತು ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಮರಳಿ ಕಟ್ಟಿದ್ದೆಲ್ಲ ಒಂದೇ ತೂಕದ್ದಲ್ಲ. ತನ್ನ ಗಾಯವನ್ನು ತೋರಿಸಿಕೊಂಡೇ ನಿಂತ ಕಟ್ಟಡ ಬೇರೆ, ಮುಚ್ಚಿಕೊಂಡು ನಿಂತದ್ದು ಬೇರೆ. ಡ್ರೆಸ್ಡೆನ್‌ನಲ್ಲಿ ಎರಡೂ ಇವೆ, ಹೆಚ್ಚುಕಡಿಮೆ ಒಂದೇ ಚೌಕದಲ್ಲಿ. ಯಾವುದು ಯಾವುದೆಂದು ಗುರುತಿಸಲು ಊರಿನೊಳಗಿನ ಸುತ್ತಾಟವಷ್ಟೇ ಸಾಲದು. ಆ ಊರಿಗೆ ಕಲ್ಲು, ಪಿಂಗಾಣಿ ಕೊಟ್ಟ ಕಣಿವೆಯನ್ನೂ ನೋಡಬೇಕು ಎಂಬುದು ಈ ಲೇಖನದ ವಾದ.

ಮೊದಲು ನೊಯ್‌ಮಾರ್ಕ್ಟ್ ಚೌಕದ ಫ್ರಾವೆನ್‌ಕಿರ್ಶೆಯನ್ನೇ ನೋಡಬಹುದು. ಗೇಯೋರ್ಗ್ ಬೇರ್ ಎಂಬ ಶಿಲ್ಪಿ ಯೋಜಿಸಿದ ಈ ಚರ್ಚಿನ ಕೆಲಸ ನಡೆದದ್ದು 1726ರಿಂದ 1743ರವರೆಗೆ. ಗಂಟೆಯಾಕಾರದ ಅದರ ಗುಮ್ಮಟ ಪೂರ್ತಿ ಕಲ್ಲಿನದು. ಬಾಂಬು ಬಿದ್ದ ಎರಡು ದಿನ ಅದು ನಿಂತೇ ಇತ್ತು. ಒಳಗಿನ ಬೆಂಕಿಯ ಕಾವಿಗೆ ಕಂಬಗಳು ಸೋತು, ಫೆಬ್ರುವರಿ 15ರ ಬೆಳಗ್ಗೆ ಗುಮ್ಮಟ ಕುಸಿಯಿತು. ಮುಂದಿನ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಲ್ಲಿದ್ದದ್ದು ಒಂದು ಕಲ್ಲುರಾಶಿ, ಅದರ ಎರಡು ಬದಿಗೆ ಎರಡು ಗೋಡೆತುಂಡು. ಜರ್ಮನಿ ಒಂದಾದ ಮೇಲೆ, 1994ರಲ್ಲಿ ಕಟ್ಟುವ ಕೆಲಸ ಶುರುವಾಗಿ 2005ರ ಅಕ್ಟೋಬರ್ 30ರಂದು ಚರ್ಚು ಮತ್ತೆ ತೆರೆಯಿತು. ರಾಶಿಯ ಒಂದೊಂದು ಕಲ್ಲನ್ನೂ ಎತ್ತಿ, ಅಳೆದು, ನಂಬರು ಹಾಕಿ, ಹಳೆಯ ಫೋಟೊ ಮತ್ತು ನಕ್ಷೆಗಳೊಂದಿಗೆ ಹೋಲಿಸಿ, ಸಾಧ್ಯವಾದದ್ದನ್ನೆಲ್ಲ ಮೊದಲಿದ್ದ ಜಾಗದಲ್ಲೇ ಕೂರಿಸಿದರು. ಗೋಡೆಯ ಹತ್ತಿರ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ನಸುಹಳದಿ ಬಣ್ಣದ ಹೊಸ ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಇದ್ದಿಲುಗಪ್ಪಿನ ಕಲ್ಲು. ಅಂಚು ಒಡೆದದ್ದು, ಮೂಲೆ ಸವೆದದ್ದು, ಪಕ್ಕದ ಹೊಸ ಕಲ್ಲಿನ ಗೀರಿಗೆ ಸರಿಯಾಗಿ ಕೂಡದೆ ಕೂದಲೆಳೆಯಷ್ಟು ಹಿಂದೆ ಸರಿದದ್ದು. ಈ ಕಪ್ಪನ್ನು ಬೆಂಕಿಯ ಮಸಿಯೆಂದು ತಿಳಿಯುವವರೇ ಹೆಚ್ಚು. ಬಹುಪಾಲು ಅದು ಮಸಿಯಲ್ಲ. ಎಲ್ಬೆ ಕಣಿವೆಯ ಮರಳುಗಲ್ಲು ಗಾಳಿ ಮಳೆಗೆ ಒಡ್ಡಿಕೊಂಡು ವರ್ಷಗಳಲ್ಲಿ ತಾನಾಗಿಯೇ ಕಪ್ಪಾಗುತ್ತದೆ, ಅದರೊಳಗಿನ ಕಬ್ಬಿಣದಂಶವೂ ಇದಕ್ಕೊಂದು ಕಾರಣ. ಇಂದಿನ ಹೊಸ ಕಲ್ಲುಗಳಿಗೂ ಆ ಬಣ್ಣ ಬರುತ್ತದೆ. ಆದ್ದರಿಂದ ಹಳತು ಹೊಸತರ ಈ ಅಂತರ ಎದ್ದು ಕಾಣುವುದು ನಮ್ಮ ಕಾಲದವರಿಗೆ ಮಾತ್ರ.

ಹೀಗೆ ಮರಳಿ ಕಟ್ಟಿದ್ದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಆ ಕಲ್ಲುರಾಶಿಯೇ ಯುದ್ಧದ ವಿರುದ್ಧ ಸಾಕ್ಷಿಯಾಗಿತ್ತು. 1980ರ ದಶಕದಲ್ಲಿ ಪೂರ್ವ ಜರ್ಮನಿಯ ಯುವಕರು ಫೆಬ್ರುವರಿ 13ರ ರಾತ್ರಿ ಮೇಣದಬತ್ತಿ ಹಿಡಿದು ಸೇರುತ್ತಿದ್ದದ್ದು ಅಲ್ಲೇ. ಅದನ್ನು ಎತ್ತಿ ಅಂದದ ಚರ್ಚು ಕಟ್ಟಿದ್ದು ನೆನಪನ್ನೇ ಅಳಿಸಿದ ಹಾಗೆ ಎಂಬುದು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅವಶೇಷ ಸುಳ್ಳಿಗೂ ಒದಗುತ್ತದೆ ಎಂಬುದು ಡ್ರೆಸ್ಡೆನ್‌ನ ಅನುಭವವೇ. ಸತ್ತವರ ಸಂಖ್ಯೆಯನ್ನು ನಾಜಿ ಪ್ರಚಾರ ಎರಡು ಲಕ್ಷಕ್ಕೆ ಏರಿಸಿತ್ತು. ಆ ಅಂಕಿ ದಶಕಗಳ ಕಾಲ ತಿರುಗಾಡಿತು. ನಗರವೇ ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ಕೊಟ್ಟ ಲೆಕ್ಕ ಹೆಚ್ಚೆಂದರೆ 25,000. ಅದು ಸಣ್ಣ ಸಾವಲ್ಲ. ಆದರೂ ಆ ರಾತ್ರಿಗೆ ಇನ್ನೊಂದು ಮುಖವಿದೆ. ಊರಿನಲ್ಲಿ ಉಳಿದಿದ್ದ ಕೆಲವೇ ಯೆಹೂದಿಗಳಿಗೆ ಗಡೀಪಾರಿನ ನೋಟಿಸು ಹಂಚುವ ಕೆಲಸವನ್ನು ಫೆಬ್ರುವರಿ 13ರಂದು ಯೆಹೂದಿ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪೆರರ್ ಅವರಿಗೇ ಹೊರಿಸಲಾಗಿತ್ತು. ರಾತ್ರಿ ಬಾಂಬು ಬಿತ್ತು. ಆ ಗೊಂದಲದಲ್ಲಿ ಅವರೂ ಹೆಂಡತಿಯೂ ತಪ್ಪಿಸಿಕೊಂಡು ಬದುಕಿದರು. ಬರಿಯ ಕಲ್ಲುರಾಶಿ ಈ ಎರಡನ್ನೂ ಒಟ್ಟಿಗೆ ಹೇಳಲಾರದು.

ಊರು ಅದನ್ನು ಬೇರೆ ರೀತಿಯಲ್ಲಿ ಹೇಳಿದೆ, ಮತ್ತು ಇದನ್ನು ನೋಡದೆ ಹೋಗಬಾರದು. ಚರ್ಚಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಎಲ್ಬೆಯ ಪಕ್ಕದಲ್ಲೇ, ಯೆಹೂದಿ ಪ್ರಾರ್ಥನಾಮಂದಿರವಿದೆ. ಒಪೆರಾ ಭವನ ಕಟ್ಟಿದ ಗಾಟ್‌ಫ್ರೀಡ್ ಜೆಂಪರ್ ಅವರೇ 1840ರಲ್ಲಿ ಪೂರೈಸಿದ್ದ ಮಂದಿರವನ್ನು 1938ರ ನವೆಂಬರ್‌ನಲ್ಲಿ ನಾಜಿಗಳು ಸುಟ್ಟರು. 2001ರಲ್ಲಿ ಹೊಸದನ್ನು ಕಟ್ಟುವಾಗ ಜೆಂಪರ್‌ನ ಕಟ್ಟಡವನ್ನು ನಕಲು ಮಾಡಲಿಲ್ಲ. ವರಸೆ ವರಸೆಗೂ ಸ್ವಲ್ಪ ಸ್ವಲ್ಪ ತಿರುಚಿಕೊಂಡು ಮೇಲೇರುವ, ಕಿಟಕಿಯಿಲ್ಲದ ಗೋಡೆಗಳ ಘನಾಕೃತಿ ಎದ್ದಿತು. ಬೆಂಕಿಯ ರಾತ್ರಿ ಅಗ್ನಿಶಾಮಕ ದಳದ ಒಬ್ಬರು ಬಚ್ಚಿಟ್ಟು ಉಳಿಸಿದ್ದ ಹಳೆಯ ದಾವೀದನ ನಕ್ಷತ್ರ ಈಗ ಅದರ ಬಾಗಿಲ ಮೇಲಿದೆ. ಒಂದು ಕಡೆ ಮರಳಿ ಕಟ್ಟುವುದು ಸರಿ, ಇನ್ನೊಂದು ಕಡೆ ಕಟ್ಟದಿರುವುದೇ ಸರಿ. ಎರಡನ್ನೂ ನೋಡಿದವರಿಗೆ ಈ ನಿರ್ಧಾರಗಳ ಹಿಂದಿನ ಯೋಚನೆ ಹಿಡಿತಕ್ಕೆ ಸಿಗುತ್ತದೆ.

ಟೀಕಾಕಾರರ ಮಾತನ್ನು ಪೂರ್ತಿ ಒಪ್ಪಬೇಕಾದದ್ದು ಚರ್ಚಿನ ಸುತ್ತಲಿನ ಮನೆಗಳ ವಿಷಯದಲ್ಲಿ. ನೊಯ್‌ಮಾರ್ಕ್ಟಿನ ಹಲವು ‘ಹಳೆಯ’ ಮನೆಗಳ ಮುಂಭಾಗ ಮಾತ್ರ ಹದಿನೆಂಟನೇ ಶತಮಾನದ ಮಾದರಿಯದು. ಒಳಗಿರುವುದು ಕಾಂಕ್ರೀಟು, ಹೋಟೆಲು, ಅಂಗಡಿ. ಅಲ್ಲಿ ಒಂದು ಕಪ್ಪು ಕಲ್ಲೂ ಎದ್ದು ಕಾಣದು. ಅದೇ ಚೌಕದ ಪಕ್ಕದಲ್ಲಿ, ಅರಮನೆಯ ಹೊರಗೋಡೆಯುದ್ದಕ್ಕೂ ನೂರು ಮೀಟರಿಗೂ ಹೆಚ್ಚು ಉದ್ದದ ರಾಜರ ಮೆರವಣಿಗೆಯ ಚಿತ್ರವಿದೆ. 1907ರ ಹೊತ್ತಿಗೆ ಸುಮಾರು 23,000 ಮೈಸೆನ್ ಪಿಂಗಾಣಿ ಹಲಗೆಗಳಲ್ಲಿ ಮಾಡಿದ್ದು. ಕುಲುಮೆಯ ಉರಿಯಲ್ಲಿ ಬೆಂದ ಪಿಂಗಾಣಿಯಾದ್ದರಿಂದ ಆ ಬೆಂಕಿಯನ್ನು ಅದು ಬಹುಮಟ್ಟಿಗೆ ತಾಳಿಕೊಂಡಿತು. ಎಲ್ಲವೂ ಹೊಸದು ಎನ್ನುವವರು ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವುದು ಎಷ್ಟೋ ಸಲ ಈ ನಿಜವಾದ ಹಳೆಯ ಗೋಡೆಗೇ.

ಅರಮನೆಯೊಳಗಿನ ‘ಹಸಿರು ಖಜಾನೆ’ಯ ಕತೆಯೂ ಹೀಗೆಯೇ. ಕಟ್ಟಡ ದುರಸ್ತಿಯಾದದ್ದು, ಒಡವೆಗಳು ಅಸಲಿ. ಯುದ್ಧಕಾಲದಲ್ಲಿ ಅವನ್ನು ಎಲ್ಬೆಯ ಮೇಲ್ದಂಡೆಯ ಕೋನಿಗ್‌ಸ್ಟೈನ್ ಕೋಟೆಯಲ್ಲಿ ಬಚ್ಚಿಟ್ಟಿದ್ದರು. ಅಲ್ಲಿಂದ ಸೋವಿಯತ್ ಒಕ್ಕೂಟಕ್ಕೆ ಹೋಗಿ 1958ರಲ್ಲಿ ಮರಳಿದವು. ಅವುಗಳಲ್ಲಿ ನಮ್ಮವರು ನಿಂತು ನೋಡಬೇಕಾದದ್ದು ಯೋಹಾನ್ ಮೆಲ್ಕಿಯೋರ್ ಡಿಂಗ್ಲಿಂಗರ್ 1701ರಿಂದ 1708ರವರೆಗೆ ಮಾಡಿದ, ಔರಂಗಜೇಬನ ಹುಟ್ಟುಹಬ್ಬದ ದಿಲ್ಲಿ ದರ್ಬಾರು. ಸುಮಾರು ಐದು ಸಾವಿರ ವಜ್ರ, ಚಿನ್ನ ಮತ್ತು ಎನಾಮೆಲ್‌ನ ನೂರಕ್ಕೂ ಹೆಚ್ಚು ಪುಟ್ಟ ಆಕೃತಿಗಳು, ಕಾಣಿಕೆ ಹೊತ್ತು ಬರುವ ಆನೆಗಳು. ಎಲ್ಲವೂ ಯುರೋಪಿನ ಪ್ರವಾಸಿಗರ ಬರಹ ಓದಿ ಕಲ್ಪಿಸಿಕೊಂಡದ್ದು. ಈ ದರ್ಬಾರು ತಯಾರಾಗುತ್ತಿದ್ದ ಆ ವರ್ಷಗಳಲ್ಲಿ ಔರಂಗಜೇಬ ದಿಲ್ಲಿಯಲ್ಲೇ ಇರಲಿಲ್ಲ. 1705ರಲ್ಲಿ ಮುಪ್ಪಿನ ಬಾದಶಹ ಸುರಪುರದ ಬಳಿಯ ವಾಗಣಗೇರಾ ಕೋಟೆಯ ಮುಂದೆ ಬೀಡುಬಿಟ್ಟು ಬೇಡ ನಾಯಕರೊಂದಿಗೆ ಸೆಣಸುತ್ತಿದ್ದ. ಮತ್ತೆರಡು ವರ್ಷಕ್ಕೆ ಅಹಮದ್‌ನಗರದಲ್ಲಿ ತೀರಿಕೊಂಡ.

ಕಣಿವೆಗೆ ಹೋಗಲು ಪ್ರಯಾಸವಿಲ್ಲ. ಎಸ್-1 ಎಂಬ ಒಂದೇ ಲೋಕಲ್ ರೈಲು ಹೊಳೆಯ ಕೆಳಗಿನ ಮೈಸೆನ್‌ನಿಂದ ಹೊರಟು, ಡ್ರೆಸ್ಡೆನ್ ಹಾದು, ಪಿರ್ನಾ, ರಾಟೆನ್, ಕೋನಿಗ್‌ಸ್ಟೈನ್ ದಾಟಿ ಗಡಿಯ ಹತ್ತಿರದವರೆಗೆ ಹೋಗುತ್ತದೆ. ಮೈಸೆನ್‌ನ ಕೋಟೆಯಲ್ಲಿ 1710ರಲ್ಲಿ ಯುರೋಪಿನ ಮೊದಲ ಗಟ್ಟಿ ಪಿಂಗಾಣಿಯ ಕಾರ್ಖಾನೆ ಶುರುವಾಯಿತು. ರಾಟೆನ್‌ನಲ್ಲಿ ನದಿ ದಾಟಿಸುವ ದೋಣಿಗೆ ಎಂಜಿನ್ ಬೇಕಿಲ್ಲ, ಹೊಳೆಯ ಮೇಲ್ಭಾಗಕ್ಕೆ ಹಗ್ಗದಿಂದ ಕಟ್ಟಿದ ಅದನ್ನು ಹರಿವೇ ದಡ ಸೇರಿಸುತ್ತದೆ. ಮೇಲೆ ಬಾಸ್ಟೈ ಬಂಡೆಗಳು, 1851ರ ಕಲ್ಲುಸೇತುವೆ. ಫ್ರಾವೆನ್‌ಕಿರ್ಶೆಯ ಕಲ್ಲು, ಬರ್ಲಿನ್‌ನ ಬ್ರಾಂಡೆನ್‌ಬುರ್ಗ್ ದ್ವಾರದ ಕಲ್ಲು ಎರಡೂ ಈ ಎಲ್ಬೆ ಮರಳುಗಲ್ಲೇ; ಶತಮಾನಗಳ ಕಾಲ ಅದನ್ನು ದೋಣಿಗೆ ಹೇರಿ ಹೊಳೆಯಲ್ಲೇ ಸಾಗಿಸಿದರು. ಅದು ಎಷ್ಟು ಮೆತ್ತಗಿನದೆಂದರೆ ಇಲ್ಲಿ ಬಂಡೆ ಹತ್ತುವವರು ಬಿರುಕಿಗೆ ಲೋಹದ ಬೆಣೆ ಹೊಡೆಯುವಂತಿಲ್ಲ, ಹಗ್ಗದ ಗಂಟನ್ನಷ್ಟೇ ಸಿಕ್ಕಿಸಬೇಕು. ಬಂಡೆ ಒದ್ದೆಯಿದ್ದರೆ ಹತ್ತಲೇಬಾರದು. ಈ ಮೆತ್ತನೆಯ ಕಲ್ಲನ್ನು ಕಂಡು ಬಂದವರಿಗೆ ಚರ್ಚಿನ ಗೋಡೆಯ ಸವೆದ ಮೂಲೆಯೂ ಅರ್ಥವಾಗುತ್ತದೆ, ಹೊಸ ಕಲ್ಲನ್ನು ಬೇರೆಲ್ಲಿಂದಲೂ ತರದೆ ಈ ಕಣಿವೆಯಿಂದಲೇ ತಂದದ್ದೇಕೆಂಬುದೂ ತಿಳಿಯುತ್ತದೆ.

ಡ್ರೆಸ್ಡೆನ್ ಎಂದರೆ ಕಣಿವೆಯೂ ಸೇರಿ ಎಂಬುದನ್ನು ಯುನೆಸ್ಕೊ ಕೂಡ ಒಪ್ಪಿತ್ತು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಚರ್ಚಾಗಲಿ ಅರಮನೆಯಾಗಲಿ ಒಂಟಿಯಾಗಿ ಅಲ್ಲ. ಪಿಲ್‌ನಿಟ್ಸ್ ಅರಮನೆಯವರೆಗಿನ ಸುಮಾರು 18 ಕಿಲೋಮೀಟರ್ ನದೀತೀರ. ಆ ತೀರದ ಹುಲ್ಲುಗಾವಲಿನ ಮೇಲೆ ನಾಲ್ಕು ಪಥದ ಸೇತುವೆ ಬೇಕೇ ಎಂದು 2005ರಲ್ಲಿ ಕೇಳಿದಾಗ ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಬೇಕೆಂದರು. 2009ರಲ್ಲಿ ಯುನೆಸ್ಕೊ ಪಟ್ಟಿಯಿಂದ ಹೆಸರು ತೆಗೆಯಿತು. 2013ರಲ್ಲಿ ಸೇತುವೆ ತೆರೆಯಿತು. ದಿನಾ ಆಚೆ ದಡಕ್ಕೆ ಕೆಲಸಕ್ಕೆ ಹೋಗುವವರ ಅಗತ್ಯ ಪ್ರವಾಸಿಯ ಕಣ್ಣಿಗಿಂತ ದೊಡ್ಡದೆಂಬ ವಾದ ನ್ಯಾಯವಾದದ್ದೇ. ಆದರೆ ಸುಟ್ಟ ಚರ್ಚಿನ ಒಂದೊಂದು ಕಲ್ಲನ್ನೂ ಅಷ್ಟು ಅಕ್ಕರೆಯಿಂದ ಜೋಡಿಸಿದ ಊರು, ಬಾಂಬೂ ಕಸಿಯಲಾಗದಿದ್ದ ಹೊಳೆಬಯಲಿನ ನೋಟವನ್ನು ಬಿಟ್ಟುಕೊಟ್ಟದ್ದು ನಷ್ಟವೆಂದೇ ನನ್ನ ಅಭಿಪ್ರಾಯ. ನೆಲದಡಿಯ ಸುರಂಗದ ಸಲಹೆಯೂ ಅಂದು ಮುಂದಿತ್ತು. ಅರ್ಧ ದಿನದ ಬಸ್ಸು ಈ ಜಗಳದ ಜಾಗವನ್ನು ತೋರಿಸುವುದಿಲ್ಲ. ಊರಿಗೆ ಒಂದು ದಿನ, ಮೈಸೆನ್‌ಗೆ ಒಂದು, ಬಂಡೆಗಳಿಗೆ ಒಂದು ದಿನ ಇಟ್ಟುಕೊಂಡವರು ಆ ಸೇತುವೆಯ ಮೇಲೆ ನಿಂತು ತಾವೇ ತೀರ್ಮಾನ ಮಾಡಬಹುದು.