ಷಟಲ್ ಆಟಕ್ಕೂ ಸರಳೆ ವರಸೆ ಬೇಕು

ಚಳಿಗಾಲ ಬಂತೆಂದರೆ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆಯ ನಮ್ಮವರಲ್ಲಿ ಅನೇಕರಿಗೆ ವಾರಾಂತ್ಯದ ಆಟವೆಂದರೆ ಲೀಷರ್ ಸೆಂಟರಿನ ಬ್ಯಾಡ್ಮಿಂಟನ್. ಊರಲ್ಲಿ ಮನೆ ಮುಂದೆ ‘ಷಟಲ್’ ಎಂದು ಆಡುತ್ತಿದ್ದೆವಲ್ಲ, ಅದೇ. ಆದರೆ ಇಲ್ಲಿ ಕೋರ್ಟಿಗೆ ಗಂಟೆಯ ಲೆಕ್ಕ. ಕೊಟ್ಟ ದುಡ್ಡು ವ್ಯರ್ಥವಾಗಬಾರದೆಂದು ಒಳಗೆ ಕಾಲಿಟ್ಟೊಡನೆ ಡಬಲ್ಸ್ ಶುರು! ದೊಡ್ಡವರಿಗೆ ಅದು ಸರಿ. ಮಕ್ಕಳ ಗತಿ? ವಾರವಾರವೂ ಸೋತು ಸೋತು, ಎರಡು ಟರ್ಮ್ ಕಳೆಯುವುದರೊಳಗೆ ರ‍್ಯಾಕೆಟ್ ಮೂಲೆ ಸೇರುತ್ತದೆ. ‘ಮಗುವಿಗೆ ಆಟ ಒಗ್ಗಲಿಲ್ಲ’ ಎಂದು ಸುಮ್ಮನಾಗುವವರೇ ಹೆಚ್ಚು.

ಸಂಗೀತಕ್ಕೆ ಸೇರಿದ ಮಗು ಮೊದಲ ದಿನವೇ ಕೀರ್ತನೆ ಹಾಡುವುದಿಲ್ಲ. ಸರಳೆ, ಜಂಟಿ, ಅಲಂಕಾರ ಮುಗಿಸಿ ಮುಂದೆ ಹೋಗುತ್ತದೆ. ಆಟಕ್ಕೂ ಇದೇ ನ್ಯಾಯ. ಫಿಟ್ಸ್ ಮತ್ತು ಪೋಸ್ನರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ 1967ರ ಪುಸ್ತಕದಲ್ಲಿ ಕೌಶಲ ಕಲಿಕೆಗೆ ಮೂರು ಹಂತಗಳನ್ನು ಹೇಳಿದ್ದಾರೆ. ಯಾವ ಹಂತದಲ್ಲಿ ಏನು ಅಭ್ಯಾಸ ಮಾಡಬೇಕೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಅರಿಯುವ ಹಂತ. ಮಗು ಪ್ರತಿಯೊಂದನ್ನೂ ಯೋಚಿಸಿ ಮಾಡುತ್ತದೆ, ತಪ್ಪುಗಳು ಹೆಚ್ಚು. ರ‍್ಯಾಕೆಟ್ಟನ್ನು ಬಾಣಲೆ ಹಿಡಿದಂತೆ ಹಿಡಿಯದೆ, ಕೈಕುಲುಕುವಂತೆ ಸಡಿಲವಾಗಿ ಹಿಡಿಯುವುದನ್ನು ಮೊದಲು ಕಲಿಸಿ. ಕಾಕ್ ಅನ್ನು ರ‍್ಯಾಕೆಟ್ ಮೇಲೆ ಪುಟಿಸುವುದು, ಮನೆಯೊಳಗೆ ಬಲೂನಿಗೆ ಹೊಡೆಯುವುದು, ಇಷ್ಟೇ ಸಾಕು. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಅಪ್ಪ ಒಂದು, ಅಮ್ಮ ಒಂದು ಹೇಳಿದರೆ ಮಗು ಎರಡನ್ನೂ ಬಿಡುತ್ತದೆ!

ಎರಡನೆಯದು ಕೂಡಿಸುವ ಹಂತ. ಕಾಲು, ಕೈ, ಕಣ್ಣು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ತಪ್ಪು ಎಲ್ಲಾಯಿತೆಂದು ಮಗುವಿಗೇ ಗೊತ್ತಾಗತೊಡಗುತ್ತದೆ. ನೀವು ಆಚೆಯಿಂದ ಕಾಕ್ ಎಸೆಯಿರಿ. ಹಿಂದಿನ ಗೆರೆಯವರೆಗೆ ಹತ್ತು ಕ್ಲಿಯರ್, ನೆಟ್ ಹತ್ತಿರ ಹತ್ತು ಡ್ರಾಪ್ ಎಂದು ಎಣಿಸಲಿ, ಕನ್ನಡದಲ್ಲೇ ಎಣಿಸಲಿ! ಸ್ವಲ್ಪ ಕೈ ಕುದುರಿದ ಮೇಲೆ ಎರಡನ್ನೂ ಕಲಸಿಬಿಡಿ. 1986ರಲ್ಲಿ ಗುಡ್ ಮತ್ತು ಮ್ಯಾಗಿಲ್ ಎಂಬ ಸಂಶೋಧಕರು ಹೊಸಬರಿಗೆ ಬ್ಯಾಡ್ಮಿಂಟನ್ನಿನ ಮೂರು ಬಗೆಯ ಸರ್ವ್ ಕಲಿಸಿ ನೋಡಿದರು. ಒಂದೊಂದನ್ನೇ ಬೇರೆಬೇರೆಯಾಗಿ ಅಭ್ಯಾಸ ಮಾಡಿದವರಿಗಿಂತ ಮೂರನ್ನೂ ಕಲಸಿ ಮಾಡಿದವರು ಆಮೇಲಿನ ಪರೀಕ್ಷೆಯಲ್ಲಿ ಮುಂದಿದ್ದರು. ಇನ್ನೊಂದು ಕಿವಿಮಾತು: ತಣ್ಣನೆಯ ಹಾಲಿನಲ್ಲಿ ಕಾಕ್ ನಿಧಾನವಾಗುತ್ತದೆ. ಪ್ಲಾಸ್ಟಿಕ್ ಕಾಕ್‌ಗಳಲ್ಲಿ ಸಾಮಾನ್ಯವಾಗಿ ಹಸಿರು ಪಟ್ಟಿ ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಚಳಿಯಲ್ಲಿ ಕ್ಲಿಯರ್ ಹಿಂದಕ್ಕೆ ಮುಟ್ಟದಿದ್ದರೆ ಮಗುವನ್ನು ಬೈಯುವ ಮೊದಲು ಕಾಕ್ ನೋಡಿ.

ಮೂರನೆಯದು ತಾನೇ ತಾನಾಗಿ ಬರುವ ಹಂತ. ಕೈ ತನ್ನ ಕೆಲಸ ಮಾಡುತ್ತದೆ, ಮನಸ್ಸು ಎದುರಾಳಿಯ ಕಡೆ ಇರುತ್ತದೆ. ಈಗ 18-18ರಿಂದ ಗೇಮ್ ಶುರು ಮಾಡಿಸಿ, ಒಬ್ಬರ ಎದುರು ಇಬ್ಬರು ನಿಲ್ಲಿ. ಆದರೆ ಆಟದ ನಡುವೆ ‘ಮಣಿಕಟ್ಟು ತಿರುಗಿಸು’ ಎಂದು ಕೂಗಬೇಡಿ. ಸರಾಗವಾಗಿ ಬರುತ್ತಿದ್ದ ಹೊಡೆತವೂ ತಡವರಿಸುತ್ತದೆ.

‘ಇದಕ್ಕೆಲ್ಲ ಕೋರ್ಟ್ ಎಲ್ಲಿ ಸಿಗುತ್ತೆ ಸ್ವಾಮಿ?’ ಎನ್ನುತ್ತೀರಾ? ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆ ನಡೆಯುವ ಜಾಗವೂ ಆಗಿತ್ತು, ಓಲಗ ಊದಿದ ದಿನ ಆಟಕ್ಕೆ ರಜ! ಅಲ್ಲಿಂದ ಬಂದವರು 1971ರಲ್ಲಿ ಜೂನಿಯರ್, ಸೀನಿಯರ್ ಎರಡೂ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1980ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಡೋನೇಷ್ಯಾದ ಲಿಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ, ಆಲ್ ಇಂಗ್ಲೆಂಡ್ ಪುರುಷರ ಸಿಂಗಲ್ಸ್ ಗೆದ್ದ ಮೊದಲ ಭಾರತೀಯರಾದರು.

ಹಾಗಾಗಿ ನಿಮ್ಮ 60 ನಿಮಿಷದಲ್ಲಿ ಮೊದಲ 20 ನಿಮಿಷ ಅಭ್ಯಾಸಕ್ಕೆ ಮೀಸಲಿಡಿ, ಉಳಿದದ್ದು ಆಟಕ್ಕೆ. 1994ರಿಂದ ಆಲ್ ಇಂಗ್ಲೆಂಡ್ ಪಂದ್ಯಾವಳಿ ನಡೆಯುವುದು ನಮ್ಮ ಬರ್ಮಿಂಗ್‌ಹ್ಯಾಮ್‌ನಲ್ಲೇ. 2001ರಲ್ಲಿ ಗೋಪಿಚಂದ್ ಗೆದ್ದದ್ದೂ ಇಲ್ಲೇ. ಮಾರ್ಚಿಯಲ್ಲಿ ಒಂದು ದಿನ ಮಕ್ಕಳನ್ನು ಕರೆದೊಯ್ಯಿರಿ, ಪಂದ್ಯಕ್ಕೆ ಮುಂಚಿನ ವಾರ್ಮ್-ಅಪ್ ತೋರಿಸಿ. ಜಗತ್ತಿನ ಶ್ರೇಷ್ಠ ಆಟಗಾರರೂ ಅಲ್ಲಿ ಅದೇ ಕ್ಲಿಯರ್, ಅದೇ ಡ್ರಾಪ್ ಹೊಡೆಯುತ್ತಿರುತ್ತಾರೆ. ಹಾಡುತ್ತ ಹಾಡುತ್ತ ರಾಗ ಎಂದು ಹಿರಿಯರು ಸುಮ್ಮನೆ ಹೇಳಿದರೇ?