ಇಬ್ಬರು ಅರಸರ ರಾಣಿ, ಇಬ್ಬರು ಅರಸರ ತಾಯಿ

ಕಡಲ ತಡಿಯಲ್ಲಿ ಪೀಠವನ್ನಿಡಿಸಿ ಕುಳಿತು, ಉಕ್ಕಿಬರುವ ಅಲೆಗಳಿಗೆ ಹಿಂದೆ ಸರಿಯಿರೆಂದು ಆಜ್ಞೆ ಮಾಡಿ, ಅವು ತನ್ನ ಪಾದಗಳನ್ನು ತೋಯಿಸಿದ ಮೇಲೆ ರಾಜಾಧಿಕಾರದ ಮೇರೆ ಎಲ್ಲಿಯವರೆಗೆಂಬುದನ್ನು ಆಸ್ಥಾನದ ಹೊಗಳುಭಟರಿಗೆ ತೋರಿಸಿಕೊಟ್ಟ ಕ್ಯಾನ್ಯೂಟ್ ದೊರೆಯ ಕಥೆಯನ್ನು ನಮ್ಮಲ್ಲಿ ಅನೇಕರು ಶಾಲೆಯ ದಿನಗಳಲ್ಲಿ ಓದಿದವರೇ. ಆ ಕಥೆ ಅವನು ತೀರಿಕೊಂಡು ಸುಮಾರು ನೂರು ವರ್ಷಗಳಾದ ಮೇಲೆ ಒಬ್ಬ ಚರಿತ್ರಕಾರನ ಲೇಖನಿಯಿಂದ ಬಂದದ್ದು; ಅದರ ನಿಜಾನಿಜಗಳ ವಿಚಾರ ಹಾಗಿರಲಿ. ಆ ದೊರೆಯ ಪಟ್ಟದರಸಿಯಾಗಿ ಹದಿನೆಂಟು ವರ್ಷ ಬಾಳಿದ ಎಮ್ಮಾಳ ಹೆಸರನ್ನು ಮಾತ್ರ ಕೇಳಿದವರು ವಿರಳ. ಅವನಿಗೆ ಮುಂಚೆ ಇಂಗ್ಲೆಂಡನ್ನಾಳಿದ, ಅವನ ಕುಲಕ್ಕೆ ಹಗೆಯಾಗಿದ್ದ ಅರಸನಿಗೂ ಅವಳೇ ರಾಣಿಯಾಗಿದ್ದಳು. ಮುಂದೆ ಅದೇ ಸಿಂಹಾಸನವನ್ನೇರಿದ, ಬೇರೆ ಬೇರೆ ತಂದೆಯರ ಇಬ್ಬರು ಮಕ್ಕಳು ಅವಳ ಹೊಟ್ಟೆಯಲ್ಲಿಯೇ ಹುಟ್ಟಿದವರು. 1002ರಲ್ಲಿ ವಧುವಾಗಿ ಕಡಲು ದಾಟಿ ಬಂದದ್ದು ಮೊದಲ್ಗೊಂಡು ನಾಲ್ಕು ದಶಕಗಳ ಕಾಲ ಆ ನಾಡಿನಲ್ಲಿ ಪಟ್ಟಕ್ಕಾಗಿ ನಡೆದ ಯಾವ ಜಗಳವೂ ಅವಳನ್ನು ಬಿಟ್ಟು ನಡೆಯಲಿಲ್ಲ.

ಎಮ್ಮಾ ನಾರ್ಮಂಡಿಯ ಅಧಿಪತಿ ಒಂದನೆಯ ರಿಚರ್ಡನ ಮಗಳು. ತಾಯಿ ಗುನ್ನೋರ್ ಡೇನ್ ಮೂಲದವಳು. ಉತ್ತರ ಸಮುದ್ರದ ಆಚೆಯಿಂದ ಹಡಗುಗಳಲ್ಲಿ ಬಂದು ಇಂಗ್ಲೆಂಡಿನ ಊರುಗಳನ್ನು ಸುಲಿಯುತ್ತಿದ್ದ ವೈಕಿಂಗರು, ಕೊಳ್ಳೆ ಹೊಡೆದ ಮೇಲೆ ನಾರ್ಮಂಡಿಯ ರೇವುಗಳಲ್ಲಿ ತಂಗುತ್ತಿದ್ದರು. ನಾರ್ಮನರಾದರೂ ಕೆಲವು ತಲೆಮಾರುಗಳ ಹಿಂದೆ ಅದೇ ಉತ್ತರ ದೇಶದಿಂದ ಬಂದು ನೆಲೆಸಿದವರೇ ಆಗಿದ್ದುದರಿಂದ, ಬಂದವರನ್ನು ಓಡಿಸುವ ಆತುರ ಅವರಿಗಿರಲಿಲ್ಲ. ಈ ರೇವುಗಳನ್ನು ಶತ್ರುಗಳಿಗೆ ಮುಚ್ಚಿಸಬೇಕೆಂಬ ಉದ್ದೇಶದಿಂದ ಇಂಗ್ಲೆಂಡಿನ ದೊರೆ ಎಥೆಲ್ರೆಡ್ ಎಮ್ಮಾಳನ್ನು ಮದುವೆಯಾದನು. ಆಗ ನಾರ್ಮಂಡಿಯನ್ನು ಆಳುತ್ತಿದ್ದವನು ಅವಳ ಅಣ್ಣ ಎರಡನೆಯ ರಿಚರ್ಡ್. ಹೊಸ ಮನೆಯಲ್ಲಿ ಅವಳಿಗೆ ಎಲ್ಫ್‌ಗಿಫು ಎಂಬ ಇಂಗ್ಲಿಷ್ ಹೆಸರನ್ನಿಟ್ಟರು. ಅದು ದೊರೆಯ ಅಜ್ಜಿಯ ಹೆಸರು. ಸ್ತ್ರೀಧನವಾಗಿ ಕೊಟ್ಟ ಪಟ್ಟಣಗಳಲ್ಲಿ ಎಕ್ಸೆಟರ್ ಒಂದು. ಮದುವೆಯಾದ ವರ್ಷವೇ, ನವೆಂಬರ್ 13ರಂದು, ನಾಡಿನಲ್ಲಿದ್ದ ಡೇನರನ್ನು ಕೊಲ್ಲಬೇಕೆಂದು ದೊರೆ ಆಜ್ಞೆ ಹೊರಡಿಸಿದನು. ಮರುವರ್ಷ ಡೆನ್ಮಾರ್ಕಿನ ದೊರೆ ಸ್ವೇನ್ ದಂಡೆತ್ತಿ ಬಂದು ಎಕ್ಸೆಟರನ್ನು ಹಾಳುಮಾಡಿದನು. ಊರು ಬಿದ್ದುದಕ್ಕೆ ರಾಣಿ ನೇಮಿಸಿದ್ದ ಹ್ಯೂ ಎಂಬ ಫ್ರೆಂಚ್ ಅಧಿಕಾರಿಯೇ ಕಾರಣವೆಂದು ಆ ಕಾಲದ ವೃತ್ತಾಂತ ದೂರುತ್ತದೆ. ಪರದೇಶದಿಂದ ಬಂದ ಸೊಸೆಯ ಮೇಲೆ ತಪ್ಪು ಹೊರಿಸುವುದು ಯಾವ ನಾಡಿಗೂ ಹೊಸತಲ್ಲ.

ಮುಂದಿನ ಕಥೆ ತಿಳಿಯಬೇಕಾದರೆ ಆ ಕಾಲದ ಪಟ್ಟದ ರೀತಿಯನ್ನು ಸ್ವಲ್ಪ ಅರಿಯಬೇಕು. ಹಿರಿಯ ಮಗನಿಗೇ ರಾಜ್ಯ ಸಲ್ಲಬೇಕೆಂಬ ಕಟ್ಟಳೆ ಆಗಿನ್ನೂ ಇಂಗ್ಲೆಂಡಿನಲ್ಲಿ ನೆಲೆಗೊಂಡಿರಲಿಲ್ಲ. ರಾಜವಂಶದ ರಕ್ತ ಮೈಯಲ್ಲಿರುವ ಯಾವನಾದರೂ, ನಾಡಿನ ಪ್ರಮುಖರು ಒಪ್ಪಿದರೆ, ಅರಸನಾಗಬಹುದಾಗಿತ್ತು. ಆದುದರಿಂದ ದೊರೆಯ ಒಂದೊಂದು ಮದುವೆಯೂ ಅರಮನೆಯಲ್ಲಿ ಒಂದೊಂದು ಪಕ್ಷವನ್ನು ಹುಟ್ಟಿಸುತ್ತಿತ್ತು. ದೊರೆ ಸತ್ತ ಮರುದಿನ ರಾಣಿಯ ಮಾನ, ಭೂಮಿ, ಬೊಕ್ಕಸ ಎಲ್ಲವೂ ಅವಳ ಮಗ ಪಟ್ಟಕ್ಕೆ ಬಂದರೆ ಉಳಿಯುವುವು; ಸವತಿಯ ಮಗ ಬಂದರೆ ಅವಳಿಗೆ ಮಠವೋ ಪರದೇಶವೋ ಗತಿ. ಎಥೆಲ್ರೆಡನಿಗೆ ಮೊದಲ ಹೆಂಡತಿಯಲ್ಲಿ ಬೆಳೆದ ಗಂಡುಮಕ್ಕಳು ಹಲವರಿದ್ದರು. ಎಮ್ಮಾಳಿಗೆ ಎಡ್ವರ್ಡ್, ಆಲ್‌ಫ್ರೆಡ್ ಎಂಬ ಇಬ್ಬರು ಗಂಡುಮಕ್ಕಳೂ ಗೋಡ್‌ಗಿಫು ಎಂಬ ಮಗಳೂ ಹುಟ್ಟಿದರು.

1013ರಲ್ಲಿ ಸ್ವೇನ್ ರಾಜ್ಯವನ್ನೇ ಗೆದ್ದಾಗ ಎಮ್ಮಾ ಅಣ್ಣನ ಮನೆಯನ್ನು ಸೇರಿದಳು. ದೊರೆಯೂ ಹಿಂದೆಯೇ ಅಲ್ಲಿಗೆ ಹೋದನು. ಗೆದ್ದವನು ಕೆಲವೇ ವಾರಗಳಲ್ಲಿ ಸತ್ತುದರಿಂದ ಎಥೆಲ್ರೆಡ್ ಮರಳಿ ಬಂದನಾದರೂ 1016ರ ಏಪ್ರಿಲ್‌ನಲ್ಲಿ ತೀರಿಕೊಂಡನು. ಅವನ ಹಿರಿಯ ಹೆಂಡತಿಯ ಮಗ ಎಡ್ಮಂಡ್, ಸ್ವೇನನ ಮಗ ಕ್ಯಾನ್ಯೂಟನೊಡನೆ ಆ ವರ್ಷವೆಲ್ಲ ವೀರಾವೇಶದಿಂದ ಹೋರಾಡಿ, ಅಕ್ಟೋಬರಿನಲ್ಲಿ ಅಸ್ಸಂದೂನ್ ಎಂಬಲ್ಲಿ ಸೋತು, ನವೆಂಬರ್ ಕಳೆಯುವಷ್ಟರಲ್ಲಿ ಮರಣ ಹೊಂದಿದನು. ಇಡೀ ಇಂಗ್ಲೆಂಡ್ ಇಪ್ಪತ್ತರ ಆಸುಪಾಸಿನ ಡೇನ್ ತರುಣನ ಕೈಗೆ ಬಂತು.

1017ರ ಬೇಸಗೆಯಲ್ಲಿ ಕ್ಯಾನ್ಯೂಟ್ ಎಥೆಲ್ರೆಡನ ವಿಧವೆಯನ್ನು ಮದುವೆಯಾದನು. ಅವಳನ್ನು ತನಗೆ ಹೆಂಡತಿಯಾಗಿ ಕರೆತರಲು ಅವನು ಅಪ್ಪಣೆ ಮಾಡಿದನೆಂದು ವೃತ್ತಾಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಅದನ್ನೋದಿದರೆ ಸೆರೆ ಹಿಡಿದ ಸೊತ್ತಿನ ವಿಚಾರವೋ ಎನ್ನಿಸುತ್ತದೆ. ಆದರೆ ಎಮ್ಮಾಳ ಪ್ರೇರಣೆಯಿಂದ ಮುಂದೆ ರಚಿತವಾದ ಗ್ರಂಥದಲ್ಲಿ ಸಂಗತಿ ಬೇರೆಯೇ ಆಗಿದೆ. ತನ್ನಲ್ಲಿ ಹುಟ್ಟುವ ಮಗನಲ್ಲದೆ ಬೇರಾವ ಹೆಂಡತಿಯ ಮಗನಿಗೂ ರಾಜ್ಯ ಕೊಡುವುದಿಲ್ಲವೆಂದು ಕ್ಯಾನ್ಯೂಟ್ ಪ್ರಮಾಣ ಮಾಡಿದ ಮೇಲೆಯೇ ಅವಳು ಒಪ್ಪಿದಳಂತೆ. ಮಹಾಭಾರತವನ್ನು ಬಲ್ಲ ಕನ್ನಡಿಗನಿಗೆ ಇಲ್ಲಿ ದಾಶರಾಜನು ಶಂತನುವಿಗೆ ಒಡ್ಡಿದ ನಿಬಂಧನೆ ನೆನಪಾಗದಿರದು. ಕ್ಯಾನ್ಯೂಟನಿಗೂ ಆಗಲೇ ಒಬ್ಬ ಹೆಂಡತಿಯಿದ್ದಳು. ಅವಳಲ್ಲಿ ಸ್ವೇನ್, ಹೆರಾಲ್ಡ್ ಎಂಬ ಇಬ್ಬರು ಮಕ್ಕಳಾದರು. ಅವಳ ಹೆಸರೂ ಎಲ್ಫ್‌ಗಿಫು; ಊರು ನಾರ್ತಾಂಪ್ಟನ್. ಆದರೆ ಹಸ್ತಿನಾವತಿಯಲ್ಲಿ ರಾಜ್ಯವನ್ನು ಬಿಟ್ಟುಕೊಡಲು ಒಬ್ಬ ಭೀಷ್ಮನಿದ್ದನು; ಇಂಗ್ಲೆಂಡಿನಲ್ಲಿ ಅಂಥವನೊಬ್ಬನೂ ಇರಲಿಲ್ಲ.

ಮೊದಲ ಗಂಡನ ಮಕ್ಕಳನ್ನು ಎಮ್ಮಾ ನಾರ್ಮಂಡಿಯಲ್ಲಿಯೇ ಬಿಟ್ಟಳು. ಎಡ್ವರ್ಡ್ ಮರಳಿ ತಾಯ್ನಾಡಿನಲ್ಲಿ ನೆಲೆಸುವುದಕ್ಕೆ ಇಪ್ಪತ್ತೈದು ವರ್ಷ ಹಿಡಿಯಿತು. ಈ ಕಾರಣದಿಂದ ಅವಳನ್ನು ಕಠಿನಹೃದಯಳೆಂದು ದೂಷಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಅದೇ ಸಮಯದಲ್ಲಿ ಕ್ಯಾನ್ಯೂಟ್ ಎಡ್ಮಂಡನ ತಮ್ಮನೊಬ್ಬನನ್ನು ಕೊಲ್ಲಿಸಿದನೆಂಬುದನ್ನೂ, ಎಡ್ಮಂಡನ ಹಸುಗೂಸುಗಳನ್ನು ದೇಶದಿಂದ ಹೊರಗೆ ಅಟ್ಟಿದನೆಂಬುದನ್ನೂ, ಆ ಮಕ್ಕಳು ಕಡೆಗೆ ಹಂಗೆರಿಯವರೆಗೆ ಹೋಗಿ ಸೇರಿದರೆಂಬುದನ್ನೂ ಮರೆಯಲಾಗದು. ಸೋದರಮಾವನ ಆಶ್ರಯಕ್ಕಿಂತ ಕ್ಷೇಮವಾದ ತಾವು ಆ ಬಾಲಕರಿಗೆ ಇರಲಿಲ್ಲ. ಆ ಮಟ್ಟಿಗೆ ತಾಯಿಯ ನಿರ್ಧಾರ ಸರಿಯೆಂದೇ ನನ್ನ ಎಣಿಕೆ. ಮುಂದೆ ಅವರ ಹಕ್ಕನ್ನು ಅವಳು ಎತ್ತಿ ಹಿಡಿಯಲಿಲ್ಲವೆಂಬುದು ಬೇರೆ ಮಾತು. ಅದಕ್ಕೆ ಕ್ಷಮೆ ಹುಡುಕುವುದು ಕಷ್ಟ.

ಕ್ಯಾನ್ಯೂಟನ ಕಾಲ ಎಮ್ಮಾಳ ವೈಭವದ ಕಾಲ. ಹಾರ್ಥಕ್ಯಾನ್ಯೂಟ್ ಎಂಬ ಮಗನೂ ಗುನ್‌ಹಿಲ್ಡ್ ಎಂಬ ಮಗಳೂ ಹುಟ್ಟಿದರು. ಡೇನರು ಹಿಂದೆ ಕೊಂದಿದ್ದ ಆರ್ಚ್‌ಬಿಷಪ್ ಎಲ್ಫೆಯಾನ ಅಸ್ಥಿಗಳನ್ನು 1023ರಲ್ಲಿ ಲಂಡನ್ನಿನಿಂದ ಕ್ಯಾಂಟರ್‌ಬರಿಗೆ ಮೆರವಣಿಗೆಯಲ್ಲಿ ಒಯ್ದಾಗ, ರಾಣಿ ತನ್ನ ಪುಟ್ಟ ಮಗನೊಡನೆ ಬಂದು ಅದರಲ್ಲಿ ಸೇರಿಕೊಂಡಳು. ಪ್ರಜೆಗಳ ಕಣ್ಣಿಗೆ ಯುವರಾಜನಾರೆಂಬುದನ್ನು ತೋರಿಸಲು ಅದಕ್ಕಿಂತ ಪುಣ್ಯವಾದ ಸಂದರ್ಭ ದೊರೆಯುವಂತಿರಲಿಲ್ಲ. ವಿಂಚೆಸ್ಟರಿನ ಹೊಸ ಮಠದಲ್ಲಿ 1031ರ ಸುಮಾರಿಗೆ ಬರೆದ ಒಂದು ಗ್ರಂಥದ ಚಿತ್ರದಲ್ಲಿ ರಾಜನೂ ರಾಣಿಯೂ ವೇದಿಕೆಯ ಎರಡು ಕಡೆ ನಿಂತು ದೊಡ್ಡದೊಂದು ಶಿಲುಬೆಯನ್ನು ದಾನ ಮಾಡುತ್ತಿದ್ದಾರೆ. ಮೇಲೆ ಕುಳಿತಿರುವ ಕ್ರಿಸ್ತನ ಬಲಗಡೆಯಲ್ಲಿ, ಅಂದರೆ ಹೆಚ್ಚಿನ ಗೌರವದ ಕಡೆಯಲ್ಲಿ, ನಿಂತಿರುವವಳು ಎಮ್ಮಾ.

1035ರ ನವೆಂಬರ್ 12ರಂದು ಕ್ಯಾನ್ಯೂಟ್ ಸತ್ತನು. ಎಮ್ಮಾಳ ಮಗ ಆಗ ಡೆನ್ಮಾರ್ಕಿನಲ್ಲಿದ್ದನು. ನಾರ್ವೆಯ ಮ್ಯಾಗ್ನಸನ ಭಯದಿಂದ ಅಲ್ಲಿಂದ ಕದಲುವಂತಿರಲಿಲ್ಲ. ಸವತಿಯ ಮಗ ಹೆರಾಲ್ಡ್ ಕೈಗೆ ಹತ್ತಿರದಲ್ಲಿಯೇ ಇದ್ದನು. ಆಕ್ಸ್‌ಫರ್ಡಿನಲ್ಲಿ ಸಭೆ ಸೇರಿ ಉತ್ತರದ ಪ್ರಮುಖರು ಹೆರಾಲ್ಡನ ಪಕ್ಷವನ್ನೂ, ವೆಸೆಕ್ಸಿನ ಪ್ರಬಲ ಸಾಮಂತ ಗಾಡ್ವಿನ್ ಎಮ್ಮಾಳ ಮಗನ ಪಕ್ಷವನ್ನೂ ಹಿಡಿದರು. ರಾಣಿ ವಿಂಚೆಸ್ಟರಿನಲ್ಲಿ ಮಗನ ಅಂಗರಕ್ಷಕ ಭಟರೊಡನೆ ಇದ್ದು ದಕ್ಷಿಣವನ್ನು ಕಾಯುವುದೆಂದು ಒಪ್ಪಂದವಾಯಿತು. ನಾಣ್ಯಗಳನ್ನು ಸಹ ಇಬ್ಬರ ಹೆಸರಿನಲ್ಲಿಯೂ ಟಂಕಿಸಿದರು. ಹೆರಾಲ್ಡ್ ನಿಜವಾಗಿ ಕ್ಯಾನ್ಯೂಟನ ಮಗನೇ ಅಲ್ಲ, ಯಾವಳೋ ದಾಸಿಯ ಕೂಸನ್ನು ತಂದು ಸವತಿಯ ಹಾಸಿಗೆಯಲ್ಲಿ ಮಲಗಿಸಿದ್ದರೆಂಬ ವದಂತಿ ಹಬ್ಬಿತು. ಅದನ್ನು ಹಬ್ಬಿಸಿದವರಾರೆಂದು ಊಹಿಸುವುದು ಕಷ್ಟವಲ್ಲ. ಹೆರಾಲ್ಡ್ ವಾದಕ್ಕೆ ನಿಲ್ಲದೆ ಭಟರನ್ನು ಕಳುಹಿಸಿ ಕ್ಯಾನ್ಯೂಟನ ಉತ್ತಮ ನಿಧಿಗಳನ್ನು ರಾಣಿಯ ವಶದಿಂದ ಕಿತ್ತುಕೊಂಡನು.

ಮಗ ಬರುವುದು ತಡವಾದಂತೆಲ್ಲ ಪಕ್ಷ ಕರಗತೊಡಗಿತು. ಗಾಡ್ವಿನ್ ಸಹ ಮೆಲ್ಲಗೆ ಹೆರಾಲ್ಡನ ಕಡೆಗೆ ಸರಿದನು. 1036ರಲ್ಲಿ ಆಲ್‌ಫ್ರೆಡ್ ತಾಯಿಯನ್ನು ಕಾಣಲೆಂದು ನಾರ್ಮಂಡಿಯಿಂದ ಬಂದಾಗ ಗಾಡ್ವಿನನೇ ಅವನನ್ನು ಹಿಡಿದನು. ಜೊತೆಗಿದ್ದವರಲ್ಲಿ ಕೆಲವರನ್ನು ಕೊಂದರು, ಕೆಲವರನ್ನು ಗುಲಾಮರಾಗಿ ಮಾರಿದರು. ರಾಜಕುಮಾರನ ಕಣ್ಣುಗಳನ್ನು ಕೀಳಿಸಿ ಈಲಿಯ ಮಠಕ್ಕೆ ಸಾಗಿಸಿದರು. ಅಲ್ಲಿ ಅವನು ಸತ್ತನು. ಅವನನ್ನು ಬರಮಾಡಿಕೊಂಡ ಪತ್ರ ಹೆರಾಲ್ಡ್ ರಾಣಿಯ ಹೆಸರಿನಲ್ಲಿ ಬರೆಯಿಸಿದ ಕೃತ್ರಿಮವೆಂದು ಎಮ್ಮಾಳ ಗ್ರಂಥ ಒತ್ತಿ ಹೇಳುತ್ತದೆ. ಒತ್ತಿ ಹೇಳಬೇಕಾಗಿ ಬಂದುದೇ, ಪತ್ರ ಅವಳದೇ ಎಂಬ ಮಾತು ಜನರ ಬಾಯಲ್ಲಿ ಇದ್ದಿತೆಂಬುದಕ್ಕೆ ಸೂಚನೆ. 1037ರಲ್ಲಿ ಹೆರಾಲ್ಡನನ್ನು ಎಲ್ಲರೂ ದೊರೆಯೆಂದು ಒಪ್ಪಿದರು. ಕಡುಚಳಿಗಾಲದಲ್ಲಿ ಎಮ್ಮಾಳನ್ನು ದೇಶದಿಂದ ಹೊರಡಿಸಿದರು. ಫ್ಲಾಂಡರ್ಸಿನ ಕೌಂಟ್ ಬಾಲ್ಡ್ವಿನ್ ಬ್ರೂಜ್ ಪಟ್ಟಣದಲ್ಲಿ ಅವಳಿಗೆ ಆಶ್ರಯ ಕೊಟ್ಟನು.

ಅಲ್ಲಿಂದ ಅವಳು ಮೊದಲು ಎಡ್ವರ್ಡನನ್ನು ಕರೆಸಿದಳು. ಇಂಗ್ಲೆಂಡಿನ ಪ್ರಮುಖರಾರೂ ತನಗೆ ನಿಷ್ಠೆಯ ಪ್ರಮಾಣ ಮಾಡಿಲ್ಲ, ತನ್ನಿಂದ ಏನೂ ಆಗದು ಎಂದು ಹೇಳಿ ಅವನು ನಾರ್ಮಂಡಿಗೆ ಹಿಂದಿರುಗಿದನು. ತಮ್ಮನನ್ನು ಕಳೆದುಕೊಂಡವನ, ಇಪ್ಪತ್ತು ವರ್ಷ ಯಾರೂ ಕೇಳದೆ ಬಿದ್ದಿದ್ದವನ ಆ ಉತ್ತರದಲ್ಲಿ ರಾಜನೀತಿಯೆಷ್ಟು, ನೋವೆಷ್ಟು ಎಂಬುದನ್ನು ಓದುಗರೇ ತೂಗಿಕೊಳ್ಳಬಹುದು. ಕಡೆಗೆ ಹಾರ್ಥಕ್ಯಾನ್ಯೂಟ್ ಹಡಗುಗಳೊಡನೆ ಬ್ರೂಜಿಗೆ ಬಂದನು. ಅಷ್ಟರಲ್ಲಿ, 1040ರ ಮಾರ್ಚಿಯಲ್ಲಿ, ಹೆರಾಲ್ಡ್ ತಾನಾಗಿಯೇ ಸತ್ತುದರಿಂದ ಯುದ್ಧವಿಲ್ಲದೆ ಪಟ್ಟ ದೊರಕಿತು. ಹೊಸ ದೊರೆ ಮಲಸೋದರನ ಹೆಣವನ್ನು ಗೋರಿಯಿಂದ ತೆಗೆಸಿ ಎಸೆಯಿಸಿದನು. ಹಡಗುಪಡೆಯ ವೆಚ್ಚಕ್ಕೆಂದು ಭಾರಿ ತೆರಿಗೆ ಹೇರಿದನು. ವಸೂಲಿಗೆ ಹೋದ ಇಬ್ಬರನ್ನು ಜನ ಕೊಂದಾಗ ವುಸ್ಟರ್ ಪಟ್ಟಣವನ್ನೇ ಸುಡಿಸಿದನು. 1041ರಲ್ಲಿ ಎಡ್ವರ್ಡನನ್ನು ಕರೆಸಿಕೊಂಡು ರಾಜ್ಯದಲ್ಲಿ ಪಾಲುಗಾರನನ್ನಾಗಿ ಮಾಡಿಕೊಂಡರು.

ಈ ಘಳಿಗೆಯಲ್ಲಿ ಎಮ್ಮಾ ಮಾಡಿದ ಒಂದು ಕೆಲಸದಿಂದಲೇ ಅವಳು ಆ ಯುಗದ ಇತರ ರಾಣಿಯರಿಗಿಂತ ನಮಗೆ ಹೆಚ್ಚು ಪರಿಚಿತಳಾಗಿದ್ದಾಳೆ. ಫ್ಲಾಂಡರ್ಸಿನ ಸೇಂಟ್ ಒಮರಿನ ಒಬ್ಬ ಸಂನ್ಯಾಸಿಯಿಂದ ಅವಳು ಲ್ಯಾಟಿನ್ ಭಾಷೆಯಲ್ಲಿ ತನ್ನ ಕಾಲದ ಚರಿತ್ರೆಯನ್ನು ಬರೆಯಿಸಿದಳು. ನಮ್ಮ ಶಾಸನಕವಿಗಳ ರಾಜಪ್ರಶಸ್ತಿಗಳ ಜಾತಿಗೆ ಸೇರಿದ ಕೃತಿ ಅದು. ಆದರೆ ಅದರ ಜಾಣ್ಮೆಯೆಲ್ಲ ಹೇಳಿದ್ದರಲ್ಲಿಲ್ಲ, ಹೇಳದೆ ಬಿಟ್ಟುದರಲ್ಲಿದೆ. ಹದಿನಾಲ್ಕು ವರ್ಷ ಅವಳ ಗಂಡನಾಗಿದ್ದ ಎಥೆಲ್ರೆಡನ ಹೆಸರು ಅದರಲ್ಲಿ ಒಂದು ಸಲವೂ ಬರುವುದಿಲ್ಲ. ಹಾರ್ಥಕ್ಯಾನ್ಯೂಟನನ್ನು ತಮ್ಮ ಬಳಿ ಇರಿಸಿಕೊಂಡು ಮಿಕ್ಕ ಮಕ್ಕಳನ್ನು ನಾರ್ಮಂಡಿಗೆ ವಿದ್ಯಾಭ್ಯಾಸಕ್ಕೆ ಕಳುಹಿಸಿದರೆಂಬ ಮಾತನ್ನು ಓದಿದ ಅಮಾಯಕನು ಎಡ್ವರ್ಡನೂ ಕ್ಯಾನ್ಯೂಟನ ಮಗನೆಂದೇ ತಿಳಿದಾನು. ಗ್ರಂಥದ ಮೊದಲಲ್ಲಿರುವ ಚಿತ್ರದಲ್ಲಿ ರಾಣಿ ಕಿರೀಟ ಧರಿಸಿ ಸಿಂಹಾಸನದ ಮೇಲೆ ಕುಳಿತಿದ್ದಾಳೆ. ಸಂನ್ಯಾಸಿ ಮಂಡಿಯೂರಿ ಪುಸ್ತಕವನ್ನು ಅರ್ಪಿಸುತ್ತಿದ್ದಾನೆ. ಪಟ್ಟವಾಳುತ್ತಿದ್ದ ಇಬ್ಬರು ಮಕ್ಕಳು ಅಂಚಿನಲ್ಲಿ ಇಣಿಕಿ ನೋಡುತ್ತಿದ್ದಾರೆ. ರಾಜ್ಯ ಯಾರದೆಂದು ಅದನ್ನು ಬರೆಯಿಸಿದವಳು ಬಗೆದಿದ್ದಳೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. 2008ರಲ್ಲಿ ಇದೇ ಗ್ರಂಥದ ಇನ್ನೊಂದು ಪ್ರತಿ ಬೆಳಕಿಗೆ ಬಂತು. ಅದರ ಕೊನೆಯನ್ನು ಬದಲಿಸಿ ಎಡ್ವರ್ಡನನ್ನು ಹೊಗಳಿದೆ. ಕಾಲ ತಿರುಗಿದಾಗ ಚರಿತ್ರೆಯೂ ತಿರುಗಬೇಕಾಗಿತ್ತು.

ಏಕೆಂದರೆ 1042ರ ಜೂನ್ 8ರಂದು, ಲ್ಯಾಂಬೆತ್‌ನಲ್ಲಿ ಒಂದು ಮದುವೆಯ ಔತಣದಲ್ಲಿ, ಪಾನಪಾತ್ರೆಯನ್ನು ಹಿಡಿದು ನಿಂತಿದ್ದ ಹಾರ್ಥಕ್ಯಾನ್ಯೂಟ್ ಕುಸಿದು ಬಿದ್ದು ಸತ್ತನು. ಎಡ್ವರ್ಡ್ ದೊರೆಯಾದನು. ಪಟ್ಟಾಭಿಷೇಕವಾದ ವರ್ಷವೇ, 1043ರ ನವೆಂಬರಿನಲ್ಲಿ, ಅವನು ಮೂವರು ಮಹಾಸಾಮಂತರೊಡನೆ ಗ್ಲಾಸ್ಟರಿನಿಂದ ಕುದುರೆಯೇರಿ, ಮುನ್ಸೂಚನೆಯಿಲ್ಲದೆ ವಿಂಚೆಸ್ಟರಿಗೆ ಬಂದು, ತಾಯಿಯ ಬೊಕ್ಕಸವನ್ನೂ ಭೂಮಿಗಳನ್ನೂ ವಶಪಡಿಸಿಕೊಂಡನು. ಆ ಮೂವರಲ್ಲಿ ಗಾಡ್ವಿನನೂ ಒಬ್ಬ. ತಾನು ದೊರೆಯಾಗುವ ಮುಂಚೆಯೂ ಅನಂತರವೂ ತಾಯಿ ತನಗಾಗಿ ಮಾಡಬೇಕಾದಷ್ಟನ್ನು ಮಾಡಲಿಲ್ಲವೆಂಬುದು ಮಗನ ದೂರು. ಸ್ವಲ್ಪ ಭೂಮಿಯನ್ನು ತರುವಾಯ ಹಿಂದಕ್ಕೆ ಕೊಟ್ಟನಾದರೂ ಅಧಿಕಾರ ಅವಳಿಗೆ ಮರಳಲಿಲ್ಲ. 1045ರಲ್ಲಿ ಅವನು ಮದುವೆಯಾದದ್ದು ಗಾಡ್ವಿನನ ಮಗಳನ್ನು. ರಾಣಿಯ ಪೀಠಕ್ಕೆ ಇನ್ನೊಬ್ಬಳು ಬಂದಳು.

ಎಮ್ಮಾ ಸತ್ತು ನೂರು ವರ್ಷ ಮೀರಿದ ಮೇಲೆ, ಬಿಷಪನೊಬ್ಬನೊಡನೆ ಅವಳಿಗೆ ಸಂಬಂಧ ಕಟ್ಟಿದರೆಂದೂ, ಕಾಯಿಸಿದ ನೇಗಿಲಗುಳಗಳ ಮೇಲೆ ಬರಿಗಾಲಿನಲ್ಲಿ ನಡೆದು ಅವಳು ಶುದ್ಧಳೆನಿಸಿಕೊಂಡಳೆಂದೂ ಒಂದು ಕಥೆ ಹುಟ್ಟಿತು. ನಡೆಯದ ಆ ಅಗ್ನಿಪರೀಕ್ಷೆಗಿಂತ, ನಡೆದ ನವೆಂಬರ್ ತಿಂಗಳ ಆ ದಿನವೇ ಅವಳಿಗೆ ಹೆಚ್ಚು ಬಿಸಿಯಾಗಿದ್ದಿರಬೇಕು. ಮಗನೊಬ್ಬನನ್ನು ಆರಿಸಿಕೊಂಡು ಇನ್ನೊಬ್ಬನನ್ನು ಬಿಟ್ಟವಳೆಂಬ ಆರೋಪ ಸುಳ್ಳಲ್ಲ. ಆದರೆ ಆರಿಸಿಕೊಳ್ಳದೆ ಬದುಕುವ ದಾರಿಯನ್ನು ಆ ಅರಮನೆಗಳು ಅವಳಿಗೆ ತೆರೆದಿಡಲಿಲ್ಲವೆಂಬುದನ್ನು ಸೇರಿಸಿ ಹೇಳಿದರೆ ಮಾತ್ರ ತೀರ್ಪು ನ್ಯಾಯವಾದೀತು.

1052ರ ಮಾರ್ಚಿಯಲ್ಲಿ ಎಮ್ಮಾ ವಿಂಚೆಸ್ಟರಿನಲ್ಲಿ ತೀರಿಕೊಂಡಳು. ಕ್ಯಾನ್ಯೂಟನ ಮತ್ತು ಹಾರ್ಥಕ್ಯಾನ್ಯೂಟನ ಪಕ್ಕದಲ್ಲಿ ಅವಳನ್ನು ಹೂಳಿದರು. ಎಡ್ವರ್ಡನಿಗೆ ಮಕ್ಕಳಾಗಲಿಲ್ಲ. 1066ರಲ್ಲಿ ಅವನು ಸತ್ತಾಗ, ನಾರ್ಮಂಡಿಯ ವಿಲಿಯಂ ಇಂಗ್ಲೆಂಡಿನ ಸಿಂಹಾಸನ ತನ್ನದೆಂದು ಸೈನ್ಯ ಸಮೇತ ಕಡಲು ದಾಟಿ ಬಂದನು. ಆ ರಾಜಮನೆತನದೊಡನೆ ಅವನಿಗಿದ್ದ ರಕ್ತಸಂಬಂಧ ಒಂದೇ: ಎಮ್ಮಾ ಅವನ ಅಜ್ಜನ ತಂಗಿ.